ಹಳೇ ಕಾಲದ ಮಿಸ್ತ್ರಿ

ಎಲ್ಲರೆದುರಿಗೆ ಎದ್ದು ನಿಂತು ಅಪ್ಪನಿಗೆ ಎದುರು ಮಾತಾಡಿದ್ದು ನಾನು ಒಂದೇ ಸಲ. ಅದೂ ಮಿರಜಿನಲ್ಲಿ, ನಮ್ಮ ಸಮಾಜದ ಸಭಾಗೃಹದಲ್ಲಿ, ಮೈಕು ಅಪ್ಪನ ಕೈಯಲ್ಲಿದ್ದಾಗ. ಆಮೇಲೆ ಎಷ್ಟೋ ದಿನ ಕಂಡಕಂಡವರೆಲ್ಲ ನನಗೆ ಬುದ್ಧಿ ಹೇಳಿದರು. ಮನೆಯ ಮಾತನ್ನು ಮನೆಯೊಳಗೇ ಆಡಬೇಕಿತ್ತು ಎಂದರು. ಮನೆಯೊಳಗೆ ಎಷ್ಟು ಸಲ ಆಡಿದ್ದೆ, ಯಾರು ಕೇಳಿಸಿಕೊಂಡಿದ್ದರು ಎಂದು ಮಾತ್ರ ಒಬ್ಬರೂ ವಿಚಾರಿಸಲಿಲ್ಲ.

ನಮ್ಮದು ಸಲಗರೆ ಕಡೆಯ ಒಂದು ಗಡಿ ಊರು. ಮನೆಯೊಳಗೆ ಕನ್ನಡ, ಅಂಗಳಕ್ಕಿಳಿದರೆ ಮರಾಠಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನ ಒಕ್ಕಲುತನದ ಮನೆತನ. ಅಪ್ಪ ಅವ್ವನ ಮದುವೆಯಾದ ಹೊಸದರಲ್ಲೇ ದೊಡ್ಡ ಬರ ಬಿತ್ತು. ಬಾವಿ ಬತ್ತಿತು, ದನ ಮಾರಿದರು. ಆಗ ಸರ್ಕಾರದವರು ರಸ್ತೆಯ ಕೆಲಸ ತೆಗೆದರು. ಊರಿನ ಗಂಡಸರು, ಹೆಂಗಸರು, ಹೊಲ ಇದ್ದವರು, ಇಲ್ಲದವರು ಎಲ್ಲರೂ ಬಿಸಿಲಲ್ಲಿ ಕುಳಿತು ದೊಡ್ಡ ಕಲ್ಲನ್ನು ಒಡೆದು ಖಡಿ ಮಾಡಿದರು. ಬರ ಮುಗಿದ ಮೇಲೆ ಅಪ್ಪ ಹೊಲವನ್ನು ದೊಡ್ಡಪ್ಪನಿಗೆ ಒಪ್ಪಿಸಿ ಸಾಂಗಲಿಯ ಒಂದು ನೂಲಿನ ಗಿರಣಿಗೆ ಸೇರಿದರು. ಕುಪವಾಡದಲ್ಲಿ ಎರಡು ಕೋಣೆಯ ಮನೆ ಹಿಡಿದರು. ನಾನು ಬೆಳೆದದ್ದು ಅಲ್ಲಿಯೇ.

ಆ ಬರ ನಮ್ಮ ಮನೆಯಿಂದ ಎಂದೂ ಹೋಗಲೇ ಇಲ್ಲ. ಜ್ವರ ಬಂದು ಮಲಗಿದರೆ, "ನಾವು ಬರದಾಗ ಕಲ್ಲ ಒಡದ ಮಂದಿ, ನಿಮಗ ಒಂದ ಜ್ವರ ತಡಿಯಾಕ ಆಗೂದಿಲ್ಲ," ಎನ್ನುತ್ತಿದ್ದರು ಅಪ್ಪ. ಶಾಲೆಗೆ ನಡೆದು ಕಾಲು ನೋಯುತ್ತದೆ ಎಂದರೂ ಕಲ್ಲು. ಗಣಿತದಲ್ಲಿ ಅಂಕ ಕಡಿಮೆ ಬಿದ್ದರೂ ಕಲ್ಲು. ಸಣ್ಣವಳಿದ್ದಾಗ ನನಗೆ ಅದು ಸುಳ್ಳೆನಿಸಿರಲಿಲ್ಲ. ಅಪ್ಪನ ಕೈಗಳನ್ನು ನೋಡಿ, ಇಷ್ಟು ಮೆತ್ತಗಿನ ಕೈಯಿಂದ ಕಲ್ಲು ಒಡೆದಿದ್ದಾರಲ್ಲ ಎಂದು ಬೆರಗಾಗುತ್ತಿದ್ದೆ.

ನಾನು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಗಿರಣಿ ಮುಚ್ಚಿತು. ಯೂನಿಯನ್ನಿನವರು ಕೋರ್ಟಿಗೆ ಹೋದರು. ಅಪ್ಪ ಮನೆಯಲ್ಲಿ ಕುಳಿತರು. ಒಂದು ವರ್ಷ, ಎರಡು ವರ್ಷ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಾಲ್ಕು ಮನೆ ಆಚೆಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದರು. ಅಲ್ಲಿ ಅವರಂಥವರೇ ಇನ್ನೂ ಐದಾರು ಮಂದಿ. ಅವ್ವ ಸಾಂಗಲಿಯ ಪೇಟೆಯಲ್ಲಿ ಅರಿಷಿಣದ ಗೋದಾಮಿಗೆ ಕೆಲಸಕ್ಕೆ ಹೋದಳು. ಕೊಂಬು ಆರಿಸುವುದು, ಮಣ್ಣು ತೆಗೆಯುವುದು. ಅವಳ ಅಂಗೈ, ಉಗುರು, ಸೀರೆಯ ಅಂಚು ಎಲ್ಲ ಹಳದಿ. ತಿಕ್ಕಿದರೂ ಹೋಗುತ್ತಿರಲಿಲ್ಲ. ನಮ್ಮ ಮನೆಯ ಒಲೆ ಉರಿದದ್ದು ಆ ಹಳದಿ ಕೈಗಳಿಂದ. ಅದನ್ನು ಯಾರೂ ಕಷ್ಟಕಾಲ ಎಂದು ಕರೆಯಲಿಲ್ಲ. ಅದಕ್ಕೊಂದು ಹೆಸರೇ ಇರಲಿಲ್ಲ.

ನಾನು ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರಖಾನೆಗೆ ಸೇರಿದೆ. ಫ್ಯಾನಿನ ಮೋಟರ್ ತಯಾರಿಸುವ ಜಾಗ. ನಾವು ಹದಿನಾಲ್ಕು ಹುಡುಗಿಯರು ಸಾಲಾಗಿ ಕುಳಿತು ತಾಮ್ರದ ತಂತಿಯನ್ನು ಸುತ್ತಿ ಕಾಯಿಲು ಮಾಡುತ್ತಿದ್ದೆವು. ಕೂದಲಿಗಿಂತ ಸ್ವಲ್ಪವೇ ದಪ್ಪದ ತಂತಿ, ಒಂದು ಸುತ್ತು ಹೆಚ್ಚು ಕಡಿಮೆಯಾದರೂ ಮೋಟರ್ ಕೆಡುತ್ತದೆ. ಅಲ್ಲಿ ನನಗೊಬ್ಬ ಗೆಳತಿ ಸಿಕ್ಕಳು. ಅವಳ ಅಪ್ಪ ಗಡಿ ಊರಿನ ಕುರಿಗಾರ, ವರ್ಷದ ಅರ್ಧಭಾಗ ಹಿಂಡಿನ ಹಿಂದೆಯೇ ಇರುವವನು. ಅವಳು ಕುಪವಾಡದ ಅಕ್ಕನ ಮನೆಯಲ್ಲಿದ್ದಳು. ಕನ್ನಡ ಎಲ್ಲ ಗೊತ್ತಾಗುತ್ತಿತ್ತು, ಮಾತು ಮಾತ್ರ ಅರ್ಧ ಕನ್ನಡ ಅರ್ಧ ಮರಾಠಿ. ತೋಳಿನಲ್ಲಿ ಎರಡು ಆಳಿನ ಕಸುವು, ಬಾಯಲ್ಲಿ ನಾಲ್ಕು ಆಳಿನದು.

ಆರು ವರ್ಷ ಅಲ್ಲಿ ದುಡಿದೆವು. ನಮ್ಮನ್ನು ಕಾಯಂ ಮಾಡಲಿಲ್ಲ. ಆರು ತಿಂಗಳಿಗೊಮ್ಮೆ ಕೆಲಸದಿಂದ ತೆಗೆದು ವಾರ ಬಿಟ್ಟು ಮತ್ತೆ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಹೋದರೆ ಗೇಟಿಗೆ ದೊಡ್ಡ ಬೀಗ. ಒಳಗಿನ ಯಂತ್ರಗಳನ್ನು ಭಾನುವಾರವೇ ಲಾರಿಯಲ್ಲಿ ಸಾಗಿಸಿದ್ದರು. ಹೊರಗಿನ ಕಂಪನಿಗಳ ಅಗ್ಗದ ಫ್ಯಾನು ಬಂದವು, ನಮ್ಮದು ನಡೆಯುವುದಿಲ್ಲ ಎಂದು ಪಕ್ಕದ ಕಾರಖಾನೆಯ ವಾಚ್‌ಮನ್ ಹೇಳಿದ. ಮಾಲೀಕ ಒಂದು ಮಾತೂ ಹೇಳಿ ಹೋಗಿರಲಿಲ್ಲ. ಮೂರು ದಿನ ನಾವು ಗೇಟಿನ ಮುಂದೆ ಕುಳಿತೆವು. ನಾಲ್ಕನೆಯ ದಿನ ಯಾರನ್ನು ಕೇಳುವುದು ಎಂದೇ ತಿಳಿಯದೆ ಎದ್ದು ಬಂದೆವು.

ಅಪ್ಪ ಕಟ್ಟೆಯಿಂದ ಬಂದು ಹೇಳಿದ್ದಿಷ್ಟು: "ನಮ್ಮ ಕಾಲದಾಗ ಆಗಿದ್ರ ಗೇಟ ಮುರದ ಒಳಗ ಹೋಗತಿದ್ವಿ. ನಿಮ್ಮ ಮಂದ್ಯಾಗ ದಮ್ಮ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಅವರ ಗಿರಣಿಯ ಗೇಟು ನೆಟ್ಟಗೆ ಹಾಗೇ ನಿಂತಿತ್ತಲ್ಲ? ಅದರ ಒಂದು ಸರಳನ್ನೂ ಯಾರೂ ಮುಟ್ಟಿರಲಿಲ್ಲ. ಗಿರಣಿ ಮುಚ್ಚಿದ್ದು ಸರ್ಕಾರದ ಅನ್ಯಾಯ, ಕಾರಖಾನೆ ಮುಚ್ಚಿದ್ದು ನಮ್ಮ ಮೈಗಳ್ಳತನ. ಇದು ಯಾವ ನ್ಯಾಯ? ಅವರಿಗೆ ಕೋರ್ಟಿಗೆ ಹೋಗಲು ಕೈಯಲ್ಲೊಂದು ಕಾಗದವಾದರೂ ಇತ್ತು. ನಾವು ಅಲ್ಲಿ ಕೆಲಸ ಮಾಡಿದ್ದೆವು ಎಂದು ತೋರಿಸಲು ನಮ್ಮ ಬಳಿ ಬೆರಳ ಮೇಲಿನ ಗೀರು ಬಿಟ್ಟರೆ ಏನೂ ಇರಲಿಲ್ಲ. ಇದನ್ನೆಲ್ಲ ಅಂದೇ ಹೇಳಿದೆ. ಅಪ್ಪ ಕೇಳಿಸಿಕೊಳ್ಳದವರಂತೆ ರೇಡಿಯೋದ ಗುಂಡಿ ತಿರುಗಿಸಿದರು.

ನನ್ನ ಮದುವೆ ಒಂದು ಕಡೆ ಗೊತ್ತಾಗಿ ಮುರಿದಿದ್ದೂ ಅದೇ ವರ್ಷ. ಹುಡುಗಿ ಕಾರಖಾನೆಯಲ್ಲಿ ತಂತಿ ಸುತ್ತುವವಳು ಎಂದು ತಿಳಿದ ಮೇಲೆ ಆ ಕಡೆಯವರು ಸುಮ್ಮನಾಗಿಬಿಟ್ಟರು. ಅಂದಿನಿಂದ ಅಪ್ಪ ನೆಂಟರ ಮುಂದೆ, "ಆಫೀಸಿನಾಗ ಕೆಲಸಕ್ಕ ಅದಾಳ," ಎಂದು ಹೇಳತೊಡಗಿದರು.

ಆಗ ಲೋಡ್‌ಶೆಡ್ಡಿಂಗಿನ ಕಾಲ. ಊರು ಬೆಳೆಯುತ್ತಿತ್ತು. ಸಾಂಗಲಿ, ಮಿರಜ, ಕುಪವಾಡ ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡಿದ್ದರು. ಎಲ್ಲೆಲ್ಲೂ ಹೊಸ ಅಪಾರ್ಟ್‌ಮೆಂಟು, ಹೊಸ ಅಂಗಡಿ. ಹಳ್ಳಿಗಳಿಗೆ ಮಾತ್ರ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಬಂದರೂ ಮೂರು ಫೇಸಿನಲ್ಲಿ ಒಂದು ಇರುತ್ತಿರಲಿಲ್ಲ. ರೈತರು ತಡೆಯಲಾರದೆ ಹಾಗೆಯೇ ಪಂಪು ಹಚ್ಚುತ್ತಿದ್ದರು, ಮೋಟರ್ ಗುಂಯ್ ಎಂದು ಬಿಸಿಯಾಗಿ ಒಳಗಿನ ತಂತಿ ಸುಟ್ಟು ಕರಿಯಾಗುತ್ತಿತ್ತು. ಸಾಂಗಲಿಯ ರಿಪೇರಿ ಮಿಸ್ತ್ರಿಗಳ ಅಂಗಡಿಯ ಮುಂದೆ ಸುಟ್ಟ ಮೋಟರ್‌ಗಳ ಸಾಲು. ಗೆಳತಿ ಅದನ್ನು ನೋಡಿ ಬಂದು, "ತಂತಿ ಸುತ್ತೂದ ಅಲ್ಲೇನ? ಫ್ಯಾನಿಂದ ಸಣ್ಣದು, ಪಂಪಿಂದ ದೊಡ್ಡದು. ಇಷ್ಟ ಫರಕ," ಎಂದಳು.

ಅಷ್ಟೇ ಫರಕು ಇರಲಿಲ್ಲ. ಕಲಿಯಲು ನಮಗೆ ಎಂಟು ತಿಂಗಳು ಬೇಕಾಯಿತು. ಒಬ್ಬ ಮಿಸ್ತ್ರಿಯೂ ಕಲಿಸಲು ಒಪ್ಪಲಿಲ್ಲ. ಗುಜರಿಯಿಂದ ಸುಟ್ಟ ಮೋಟರ್ ತಂದು ಬಿಚ್ಚಿ, ಹಳೆಯ ತಂತಿಯನ್ನು ಉಳಿಯಿಂದ ಕತ್ತರಿಸಿ ತೆಗೆದು, ಸುತ್ತುಗಳನ್ನು ಒಂದೊಂದಾಗಿ ಎಣಿಸಿ, ಯಾವ ಕಾಯಿಲಿನ ತುದಿ ಯಾವುದಕ್ಕೆ ಹೋಗಿದೆ ಎಂದು ಹಾಳೆಯ ಮೇಲೆ ಚಿತ್ರ ಬರೆದುಕೊಂಡು ಕಲಿತೆವು. ಮೊದಲ ಮೂರು ಮೋಟರ್ ಹಚ್ಚಿದ ಕೂಡಲೇ ಹೊಗೆ ಬಿಟ್ಟವು. ನಾಲ್ಕನೆಯದು ತಿರುಗಿತು. ಕುಪವಾಡದ ಹಿಂಬದಿಯ ರಸ್ತೆಯಲ್ಲಿ ತಗಡು ಹೊದಿಸಿದ ಒಂದು ಪತ್ರಾ ಶೆಡ್ಡು ಸಿಕ್ಕಿತು. ಬೇಸಿಗೆಯಲ್ಲಿ ಒಳಗೆ ನಿಲ್ಲಲಾಗುತ್ತಿರಲಿಲ್ಲ, ಅದರ ಮೇಲೆ ಕಾಯಿಲಿಗೆ ಹಚ್ಚುವ ವಾರ್ನಿಶಿನ ನಾತ. ಅವ್ವ ಹೊತ್ತು ಮುಳುಗುವ ಮೊದಲೇ ನನ್ನ ಊಟದ ಡಬ್ಬಿ ಹಿಡಿದು ಅಲ್ಲಿಗೇ ಬರುತ್ತಿದ್ದಳು, ನಾನು ಉಣ್ಣುವವರೆಗೆ ನಿಂತಿದ್ದು ಖಾಲಿ ಡಬ್ಬಿ ಒಯ್ಯುತ್ತಿದ್ದಳು. ಏನು ಮಾಡುತ್ತಿದ್ದೀಯಾ ಎಂದು ಕೇಳುತ್ತಿರಲಿಲ್ಲ. ನೋಡುತ್ತಿದ್ದಳು.

ರೈತರು ಮೋಟರ್ ತಂದು ಶೆಡ್ಡಿನೊಳಗೆ ಇಣುಕಿ, "ಮಿಸ್ತ್ರಿ ಕುಠೇ?" ಎಂದು ಕೇಳುತ್ತಿದ್ದರು. ಮಿಸ್ತ್ರಿ ಎಲ್ಲಿ ಎಂದರೆ ನಾವೇ ಎನ್ನುತ್ತಿದ್ದೆವು. ಅರ್ಧದಷ್ಟು ಮಂದಿ ಮೋಟರನ್ನು ಮತ್ತೆ ಗಾಡಿಗೆ ಏರಿಸಿಕೊಂಡು ಹೋಗುತ್ತಿದ್ದರು. ಗಡಿ ಊರುಗಳಿಂದ ಬಂದವರಿಗೆ ನಾನು ಕನ್ನಡದಲ್ಲಿ, "ಕುಂದ್ರಿ, ನೀರ ಕುಡೀರಿ, ಬಿಚ್ಚಿ ತೋರಸ್ತೇನಿ," ಎಂದರೆ ಸ್ವಲ್ಪ ಮೆತ್ತಗಾಗುತ್ತಿದ್ದರು. ಒಂದು ಸಲ ಬಂದವರು ಮತ್ತೆ ಬಂದರು. ಎರಡು ವರ್ಷದಲ್ಲಿ ಶೆಡ್ಡಿನ ಮುಂದೆಯೂ ಸಾಲು ನಿಂತಿತು. ಅಪ್ಪ ಮಾತ್ರ ಒಮ್ಮೆಯೂ ಆ ರಸ್ತೆಗೆ ಕಾಲಿಡಲಿಲ್ಲ. ಕಟ್ಟೆಯ ಮೇಲಿನ ಮಾತೂ ನಿಲ್ಲಲಿಲ್ಲ. ಈಗಿನವರಿಗೆ ಮೈ ಬಗ್ಗುವುದಿಲ್ಲ, ಈಗಿನವರಿಗೆ ಟೀವಿ ಸಾಕು, ಈಗಿನವರ ಮೇಲೆ ಒಂದು ಬರ ಬಿದ್ದರೆ ಸತ್ತೇ ಹೋಗುತ್ತಾರೆ.

ಅವರು ಮೊದಲ ಸಲ ಶೆಡ್ಡಿಗೆ ಬಂದದ್ದು ಒಂದು ಜೂನ್ ತಿಂಗಳಲ್ಲಿ. ಮಳೆ ತಡವಾಗಿತ್ತು. ಟೆಂಪೋದಲ್ಲಿ ಒಂದು ಮೋಟರ್ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಅಣ್ಣಂದು," ಎಂದರು. "ಸಾಂಗಲ್ಯಾಗ ಒಬ್ಬ ಮಿಸ್ತ್ರಿ ಕಡೆ ತಂತಿ ಕಟ್ಟಿಸಿದ್ರು. ಎಂಟ ದಿನ ನಡೀತು, ಮತ್ತ ಸುಟ್ಟೈತಿ. ಅರಿಷಿಣ ಹಚ್ಚಿ ಇಪ್ಪತ್ತ ದಿನ ಆತು, ಮೊಳಕಿ ಒಣಗಾಕತ್ತಾವು."

"ಮೊದಲ ಇಲ್ಲಿಗೆ ಯಾಕ ತರಲಿಲ್ರಿ?"

ಅಪ್ಪ ಟೆಂಪೋದ ಕಡೆ ತಿರುಗಿ ನೋಡಿದರು. "ನಾಳೆ ಮಧ್ಯಾಹ್ನದೊಳಗ ಆಗಬೇಕು," ಎಂದರು. ಆಮೇಲೆ ಗೆಳತಿಗೆ ಕೇಳಿಸದಂತೆ ದನಿ ತಗ್ಗಿಸಿ, "ಮತ್ತ ಅಣ್ಣಗ ಹೇಳೂದ ಬ್ಯಾಡ," ಎಂದರು.

"ಏನ ಹೇಳೂದ ಬ್ಯಾಡ್ರಿ?"

"ನೀ ಕಟ್ಟಿದಿ ಅಂತ. ಕುಪವಾಡದಾಗ ಒಬ್ಬ ಮಿಸ್ತ್ರಿ ಅದಾನ ಅಂತ ಹೇಳೇನಿ. ಹಳೇ ಮನಷ್ಯಾ ಅಂತ."

ಗೆಳತಿಗೆ ಕೇಳಿಸಿಯೇ ಇತ್ತು. ಮೋಟರನ್ನು ಟೆಂಪೋದಿಂದ ಇಳಿಸುತ್ತ, "ಎಲ್ಲಿ ಅದಾನ್ರಿ ಕಾಕಾ ಆ ಹಳೇ ಮನಷ್ಯಾ? ಕರೀರಿ, ಒಂದ ಕಪ್ಪ ಚಾ ಕುಡಸೂಣು," ಎಂದಳು. ಅಪ್ಪನ ಮುಖ ಕೆಂಪಾಯಿತು. ಬಿರಬಿರನೆ ಟೆಂಪೋ ಹತ್ತಿದರು.

ಈ ಕೆಲಸ ಮಾಡುವುದೇ ಬೇಡ, ಹಾಗೇ ತಿರುಗಿಸಿ ಕಳಿಸು ಎಂದಳು ಗೆಳತಿ. ನಾನು ಕೇಳಲಿಲ್ಲ. ಆ ಹೊಲದಲ್ಲಿ ಸಣ್ಣವಳಿದ್ದಾಗ ಓಡಾಡಿದ್ದೆ. ಮಣ್ಣೊಳಗಿನ ಮೊಳಕೆ ನನಗೇನು ಅನ್ಯಾಯ ಮಾಡಿತ್ತು? ಬಿಚ್ಚಿ ನೋಡಿದರೆ ಹಿಂದಿನ ಮಿಸ್ತ್ರಿ ಬೇಕಾದದ್ದಕ್ಕಿಂತ ತೆಳ್ಳಗಿನ ತಂತಿ ಹಾಕಿದ್ದ, ಸುತ್ತುಗಳನ್ನೂ ನುಂಗಿದ್ದ. ಎಲ್ಲ ತೆಗೆದು ಮೊದಲಿನಿಂದ ಕಟ್ಟಿದೆವು. ಮರುದಿನ ಮಧ್ಯಾಹ್ನ ಟೆಂಪೋ ಬಂತು, ಮೋಟರ್ ಊರಿಗೆ ಹೋಯಿತು. ಸಂಜೆ ಅಪ್ಪ ಮನೆಗೆ ಬಂದು, "ನೀರ ಎದ್ದೈತಂತ," ಎಂದು ಅವ್ವನಿಗೆ ಹೇಳಿದರು. ನನಗಲ್ಲ.

ನಾನು ಸುಮ್ಮನಿದ್ದೆ. ಅದೇ ನನ್ನ ತಪ್ಪು. ಅಪ್ಪನ ಮರ್ಯಾದೆ ಹೋಗಬಾರದು ಎಂದು ಸುಮ್ಮನಿದ್ದವಳ ಮರ್ಯಾದೆಯನ್ನು ಯಾರು ಕಾಯುತ್ತಾರೆ ಎಂದು ಆಗ ಹೊಳೆಯಲಿಲ್ಲ.

ದಸರೆಗೆ ಊರಿಗೆ ಹೋಗಿದ್ದೆವು. ಅರಿಷಿಣದ ಎಲೆಗಳು ಸೊಂಟದೆತ್ತರ ನಿಂತಿದ್ದವು. ಊಟಕ್ಕೆ ಕುಳಿತಾಗ ದೊಡ್ಡಪ್ಪ ಸುಟ್ಟ ಮೋಟರಿನ ಕಥೆಯನ್ನು ತಾವಾಗಿಯೇ ತೆಗೆದರು. "ನಾಕ ತಿಂಗಳಾತು, ಏನ ಅಂದ್ರ ಏನ ಆಗಿಲ್ಲ. ಫೇಸ ಹೋಗ್ಲಿ, ಬರ್ಲಿ. ಆ ಮುದಕನ ಕೈ ಅಂದ್ರ ಕೈ. ಈಗಿನ ಹುಡುಗೂರ ಕೈಲೆ ಇಂಥಾ ಕೆಲಸ ಆಗ್ತಿತ್ತೇನ? ಹಳೇ ಮಂದಿ ಹಳೇ ಮಂದೀನ," ಎಂದರು. ನಾನು ಅವರ ತಟ್ಟೆಗೆ ಹೋಳಿಗೆ ಬಡಿಸುತ್ತಿದ್ದೆ. ಅಪ್ಪನ ಕಡೆ ನೋಡಿದೆ. ಅಪ್ಪ ತಮ್ಮ ತಟ್ಟೆ ನೋಡುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಆ ಚಳಿಗಾಲದಲ್ಲಿ ಮಿರಜಿನ ನಮ್ಮ ಜೈನ ಸಮಾಜದವರು ಹಿರಿಯರ ಸತ್ಕಾರ ಇಟ್ಟುಕೊಂಡರು. ಕಷ್ಟ ಕಂಡು ಬದುಕಿದ ಹಿರಿಯರಿಗೆ ಶಾಲು, ತೆಂಗಿನಕಾಯಿ. ಅವರು ತರುಣರಿಗೆ ನಾಲ್ಕು ಮಾತು ಹೇಳಬೇಕು. ಕಟ್ಟೆಯ ಮೇಲೆ ಹತ್ತು ವರ್ಷ ತಾಲೀಮು ಮಾಡಿದ ಅಪ್ಪನ ಹೆಸರೂ ಪಟ್ಟಿಯಲ್ಲಿತ್ತು. ಊರಿಂದ ದೊಡ್ಡಪ್ಪ ಬಂದು ಗಂಡಸರ ಕಡೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನೂ ಅವ್ವನೂ ಹೆಂಗಸರ ಕಡೆ ನಡುವಿನ ಸಾಲಿನಲ್ಲಿ. ನಮ್ಮ ಹಿಂದೆ ಕಾಲೇಜಿನ ಹುಡುಗಿಯರು. ಅವರಿಗೆ ಇದೇನೂ ಬೇಕಾಗಿರಲಿಲ್ಲ, ಮನೆಯವರು ಎಳೆದು ತಂದಿದ್ದರು.

ಅಪ್ಪ ಚೆನ್ನಾಗಿ ಮಾತಾಡಿದರು. ಅದನ್ನು ಅಲ್ಲಗಳೆಯುವುದಿಲ್ಲ. ಮರಾಠಿಯಲ್ಲಿ ಶುರು ಮಾಡಿ, ಬರದ ಕಥೆಗೆ ಬಂದಾಗ ಕನ್ನಡಕ್ಕೆ ತಿರುಗಿದರು. ಬಿಸಿಲು, ಸುತ್ತಿಗೆ, ಕೈಯಲ್ಲಿ ಎದ್ದ ಬೊಬ್ಬೆ. ಎದುರಿಗಿದ್ದ ಮುದುಕರು ತಲೆದೂಗಿದರು. ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ಆಮೇಲೆ ಅಪ್ಪ ಈಗಿನವರ ಕಡೆ ಹೊರಳಿದರು. ಕೈಕೆಲಸ ಹೋಯಿತು, ತಾಳ್ಮೆ ಹೋಯಿತು, ನಿಯತ್ತು ಹೋಯಿತು.

"ಒಂದ ಉದಾಹರಣಿ ಹೇಳ್ತೇನಿ," ಎಂದರು. "ನಮ್ಮ ಅಣ್ಣ ಇಲ್ಲೇ ಕುಂತಾರ. ಅವರ ಮೋಟರ್ ಸುಟ್ಟಿತ್ತು. ಸಾಂಗಲ್ಯಾಗ ಒಬ್ಬ ಹರೇದ ಮಿಸ್ತ್ರಿ ಕಟ್ಟಿದ, ಎಂಟ ದಿನ ಬಾಳಲಿಲ್ಲ. ಆಮ್ಯಾಲ ಕುಪವಾಡದ ಒಬ್ಬ ಹಳೇ ಕಾಲದ ಮಿಸ್ತ್ರಿ ಕಟ್ಟಿದ. ಇವತ್ತಿಗೂ ನಡದೈತಿ. ಇದ ನೋಡ್ರಿ, ಹಳೇದಕ್ಕೂ ಹೊಸದಕ್ಕೂ ಇರೂ ಫರಕ!"

ಚಪ್ಪಾಳೆ ಬಿತ್ತು. ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ನಾನು ಎದ್ದದ್ದು ನನಗೇ ತಿಳಿಯಲಿಲ್ಲ. "ಅಪ್ಪಾ, ಆ ಮಿಸ್ತ್ರಿ ಯಾರು ಅಂತ ಹೇಳ್ರಿ," ಎಂದೆ.

ಸಭೆ ತಿರುಗಿ ನೋಡಿತು. ಅಪ್ಪ ಮೈಕಿನಿಂದ ಬಾಯಿ ದೂರ ಸರಿಸಿ, "ಕುಂದ್ರು," ಎಂದರು.

"ಹೇಳ್ರಿ, ಕುಂದರ್ತೇನಿ."

"ಮುಲೀ, ಬಸ್ ಖಾಲೀ," ಎಂದು ವೇದಿಕೆಯ ಮೇಲಿದ್ದ ಅಧ್ಯಕ್ಷರು ನಗುತ್ತ, ಕೆಳಗೆ ಕೂತುಕೋ ಎಂದು ಕೈ ಮಾಡಿ ತೋರಿಸಿದರು. ಸಣ್ಣ ಮಗುವನ್ನು ಕೂರಿಸುವ ಹಾಗೆ. ನನಗೆ ಆಗ ಇಪ್ಪತ್ತೇಳು ದಾಟಿತ್ತು.

"ಹಂಗಾರ ನಾನ ಹೇಳ್ತೇನಿ," ಎಂದೆ. ಮುಂದಿನ ಸಾಲಿಗೂ ಕೇಳುವಂತೆ ದನಿ ಎತ್ತಿದೆ. "ಆ ಹಳೇ ಕಾಲದ ಮಿಸ್ತ್ರಿ ನಾನು. ನಾನೂ ನನ್ನ ಗೆಳತೀನೂ. ಆಫೀಸು ಇಲ್ಲ ಏನಿಲ್ಲ, ನಮ್ಮದ ಪತ್ರಾ ಶೆಡ್ಡ ಐತಿ. ದೊಡ್ಡಪ್ಪಾ, ನಿಮ್ಮ ಮೋಟರ್ ನಾವ ಕಟ್ಟೇವಿ. ಅಪ್ಪಗ ಗೊತ್ತೈತಿ. ತಂದ ಕೊಟ್ಟವರ ಅವರು. ಕೆಲಸ ನಮ್ಮದು, ಹೆಸರ ಹಳೇ ಕಾಲದ್ದು. ಆ ಮ್ಯಾಲ ನಮಗ ದಮ್ಮ ಇಲ್ಲ ಅಂತ ಭಾಷಣಾ ಬ್ಯಾರೆ!"

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಆಮೇಲೆ ಯಾರೂ ನಗಲಿಲ್ಲ. ದೊಡ್ಡಪ್ಪ ಕತ್ತು ಹೊರಳಿಸಿ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಅಪ್ಪನ ಹೆಗಲ ಮೇಲಿನ ಶಾಲು ಒಂದು ಕಡೆ ಜಾರಿತ್ತು. ಅಧ್ಯಕ್ಷರು ಮೈಕು ತೆಗೆದುಕೊಂಡು ಮುಂದಿನ ಹಿರಿಯರನ್ನು ಕರೆದರು. ನಾನು ಹೊರಗೆ ನಡೆದೆ.

ಸಭಾಗೃಹದ ಹಿಂದೆ ಕಾಲು ತೊಳೆಯುವ ನಲ್ಲಿಗಳಿದ್ದವು. ಅಲ್ಲಿ ಮುಖ ತೊಳೆದುಕೊಳ್ಳುತ್ತಿದ್ದೆ. ಅವ್ವ ಹಿಂದೆಯೇ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನಗೆ ಸೆರಗು ಕೊಟ್ಟು, ಮುಖ ಒರಸಿಕೊಳ್ಳುವವರೆಗೆ ಕಾದು, "ಅವರು ಕಲ್ಲ ಒಡದಿಲ್ಲ," ಎಂದಳು.

ನನಗೆ ಗೊತ್ತಾಗಲಿಲ್ಲ. "ಯಾರು?"

"ನಿಮ್ಮಪ್ಪ. ಏಳನೇತ್ತೆ ತನಕ ಕಲತಿದ್ರಲ್ಲ, ಕೆಲಸಕ್ಕ ಬಂದವರ ಹಾಜರಿ ಬರಿಯಾಕ ಕೂಡ್ರಿಸಿದ್ರು. ಬೇವಿನ ಗಿಡದ ಬುಡಕ, ನೆಳ್ಳಾಗ. ಕಲ್ಲ ನಾ ಒಡದೇನಿ. ನೀ ಹೊಟ್ಟ್ಯಾಗಿದ್ದಿ."

ನಲ್ಲಿ ಸುರಿಯುತ್ತಲೇ ಇತ್ತು. ಅವ್ವ ಬಗ್ಗಿ ಅದನ್ನು ತಿರುಗಿಸಿ ನಿಲ್ಲಿಸಿದಳು.

"ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಯಾರ ಕೇಳಿದ್ರು?"

"ಅವರು ಹಂಗ ಹೇಳಕೋತ ತಿರಗ್ಯಾಡಾಗ ನಿನಗ ಏನೂ ಅನಸಲಿಲ್ಲೇನ?"

"ಮೊದಲ ಅವರೂ 'ನಾವು' ಅಂತಿದ್ರು, ಅದರಾಗ ನಾನೂ ಇರತಿದ್ದೆ. ಗಿರಣಿ ಮುಚ್ಚಿದ ಮ್ಯಾಲ 'ನಾನು' ಆತು. ಆಗ ಅವರ ಕಡೆ ಅದೊಂದ ಉಳದಿತ್ತು. ಅದನ್ನೂ ಕಸಗೊಂಡ್ರ ಮನಷ್ಯಾ ಏನ ಹಿಡಕೊಂಡ ಬದಕಬೇಕು?"

ಇದನ್ನು ಕೇಳಿ ನಾನು ಕರಗಬೇಕಿತ್ತೇನೋ. ಕರಗಲಿಲ್ಲ. ಸಿಟ್ಟು ಇಮ್ಮಡಿಯಾಯಿತು, ಅದರಲ್ಲಿ ಅವ್ವನ ಪಾಲೂ ಇತ್ತು. ಇವಳು ಒಡೆದ ಕಲ್ಲನ್ನೇ ಅಪ್ಪ ಎತ್ತಿ ಎತ್ತಿ ನನ್ನ ಮೇಲೆ ಒಗೆದಿದ್ದರು. ಇವಳು ಪಕ್ಕದಲ್ಲೇ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಪ್ಪನಿಗೆ ಹಿಡಿದುಕೊಳ್ಳಲು ಒಂದು ಆಸರೆ ಬೇಕು ಎಂದು ಆ ಕಲ್ಲಿನಿಂದ ನನ್ನನ್ನು ಹೊಡೆಸಿದ್ದಳು. ನನಗೇನು ಆಸರೆ ಬೇಡವಾಗಿತ್ತೇ? ಬೀಗ ಹಾಕಿದ ಗೇಟಿನ ಮುಂದಿನಿಂದ ಬಂದ ದಿನ, "ನಾನೂ ಕಲ್ಲಿನ ಮುಂದ ಹಿಂಗ ಕುಂತಿದ್ದೆ ಮಗಳ," ಎಂದು ಇವಳು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಹಾಗೆಂದು ಅವಳಿಗೆ ಹೇಳಿಯೂ ಹೇಳಿದೆ. ಅವ್ವ ಒದ್ದೆ ಸೆರಗನ್ನು ಹಿಂಡಿದಳು.

ಆಮೇಲೆ ನಾನು ಕೇಳಿದೆ: "ಕಲ್ಲ ಒಡಿವಾಗ ನೀ ಹೆಂಗ ತಡಕೊಂಡಿ?"

"ಎಲ್ಲಿ ತಡಕೊಂಡೆ? ದಿನಾ ಅಳತಿದ್ದೆ. ಅಲ್ಲಿ ಎಲ್ಲಾರೂ ಅಳತಿದ್ರು. ಕೂಳ ಬೇಕಿತ್ತು, ಅದಕ್ಕ ಒಡದ್ವಿ," ಎಂದಳು.

ಆ ಸಭೆಯಲ್ಲಿ ಶಾಲು ಹೊದ್ದ ಒಬ್ಬರಾದರೂ ಇದನ್ನು ಹೇಳಿದ್ದರೆ ಹಿಂದಿನ ಸಾಲಿನ ಹುಡುಗಿಯರು ಕೇಳುತ್ತಿದ್ದರು. ಅತ್ತಿದ್ದನ್ನು ಯಾರೂ ಹೇಳುವುದಿಲ್ಲ. ಅತ್ತಿದ್ದನ್ನು ಅಳಿಸಿ, ಬೊಬ್ಬೆಯನ್ನಷ್ಟೇ ಉಳಿಸಿಕೊಂಡು, ಅದನ್ನು ಅಳತೆಗೋಲು ಮಾಡಿ ಮಕ್ಕಳ ಪಕ್ಕ ನಿಲ್ಲಿಸುತ್ತಾರೆ. ಮಕ್ಕಳು ಯಾವತ್ತೂ ಗಿಡ್ಡರಾಗಿಯೇ ಕಾಣುತ್ತಾರೆ. ಇದರಲ್ಲಿ ಆಶ್ಚರ್ಯವೇನಿದೆ?

ದೊಡ್ಡಪ್ಪ ಎಂಟು ದಿನ ಬಿಟ್ಟು ಶೆಡ್ಡಿಗೆ ಬಂದರು. ಒಬ್ಬರೇ, ಇನ್ನೊಂದು ಮೋಟರ್ ತೆಗೆದುಕೊಂಡು. ಅದು ಅವರ ಪಕ್ಕದ ಹೊಲದವರದು. ನಾನು ಸ್ಟೂಲು ಕೊಟ್ಟೆ. ಕುಳಿತು ಶೆಡ್ಡನ್ನೆಲ್ಲ ಒಂದು ಸುತ್ತು ನೋಡಿದರು. ಗೋಡೆಗೆ ತೂಗುಹಾಕಿದ ಕಾಯಿಲುಗಳು, ವಾರ್ನಿಶಿನ ಡಬ್ಬಿ, ಹಾಳೆಯ ಮೇಲಿನ ಚಿತ್ರಗಳು.

"ಆವತ್ತ ಊಟಕ್ಕ ಕುಂತಾಗ ಹೇಳಬೇಕಿತ್ತಲ್ಲ ತಂಗಿ," ಎಂದರು.

"ಮೊದಲ ಹೇಳಿದ್ರ ನನ್ನ ಕೈಯಾಗ ಮೋಟರ್ ಕೊಡತಿದ್ರೇನು?"

ದೊಡ್ಡಪ್ಪ ಸುಮ್ಮನೆ ಹೌದೆನ್ನಬಹುದಿತ್ತು. ಹಾಗೆನ್ನಲಿಲ್ಲ. ಸ್ವಲ್ಪ ಯೋಚಿಸಿ, "ಇಲ್ಲ," ಎಂದರು. "ಕೊಡತಿದ್ದಿಲ್ಲ. ಈಗ ಕೊಡ್ತೇನಿ." ಆ ಒಂದು 'ಇಲ್ಲ'ಕ್ಕೆ ಅವರನ್ನು ನಾನು ಅಲ್ಲೇ ಕ್ಷಮಿಸಿಬಿಟ್ಟೆ. ಗೆಳತಿ ಅವರಿಗೆ ಚಹಾ ತರಿಸಿದಳು.

ಅಪ್ಪ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಕಟ್ಟೆಗೂ ಹೋಗಲಿಲ್ಲ. ಅಲ್ಲಿ ಯಾರಾದರೂ ಏನಾದರೂ ಅಂದಿದ್ದರೋ, ಅನ್ನುತ್ತಾರೆಂದು ಅಂಜಿದ್ದರೋ ಗೊತ್ತಿಲ್ಲ. ಅವ್ವ ಹೇಳಿದ್ದನ್ನು ನಾನು ಅವರ ಮುಂದೆ ಎಂದೂ ಎತ್ತಲಿಲ್ಲ. ಎರಡು ಸಲ ತುಟಿಯವರೆಗೆ ಬಂದಿತ್ತು. ಎತ್ತಲಿಲ್ಲವಲ್ಲ ಎಂದು ಈಗಲೂ ಒಮ್ಮೊಮ್ಮೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಬೇಸಿಗೆ ಶುರುವಾದಾಗ ಅವ್ವನಿಗೆ ಮೊಣಕಾಲು ಹಿಡಿಯಿತು, ಡಬ್ಬಿ ತರಲಾಗಲಿಲ್ಲ. ಒಂದು ಸಂಜೆ ಅಪ್ಪ ಡಬ್ಬಿ ಹಿಡಿದು ಬಂದರು. ನಾನು ಒಂದು ದೊಡ್ಡ ಮೋಟರಿನೊಳಗೆ ಕಾಯಿಲು ಕೂರಿಸುತ್ತಿದ್ದೆ, ನಡುವೆ ಬಿಡುವಂತಿರಲಿಲ್ಲ. ಅವರು ಸ್ಟೂಲಿನ ಮೇಲೆ ಕುಳಿತರು. ಹೊತ್ತು ಇಳಿಯುತ್ತಿತ್ತು. "ಉಣ್ಣ ಬಾ, ಹೊತ್ತ ಮುಣಗತೈತಿ," ಎಂದು ಒಂದು ಸಲ ಹೇಳಿದರು, ಆಮೇಲೆ ಸುಮ್ಮನೆ ನನ್ನ ಕೈಗಳನ್ನೇ ನೋಡುತ್ತ ಕುಳಿತರು. ಅಷ್ಟರಲ್ಲಿ ಗಡಿ ಕಡೆಯ ಒಬ್ಬ ರೈತ ಮೋಟರ್ ತಂದ. ಒಳಗೆ ಕುಳಿತ ಬಿಳಿ ಅಂಗಿಯ ಹಿರಿಯರನ್ನು ಕಂಡು ನೇರ ಅವರ ಹತ್ತಿರ ಹೋಗಿ ಕೈ ಮುಗಿದು, "ಮಿಸ್ತ್ರೀರ, ನಮ್ಮದ ಜರಾ ಲಗೂನ ಮಾಡಿ ಕೊಡ್ರಿ," ಎಂದ.

ಗೆಳತಿ ನನ್ನ ಕಡೆ ನೋಡಿದಳು. ನಾನು ಕೈ ನಿಲ್ಲಿಸಿದೆ.

"ನಾ ಅಲ್ಲ," ಎಂದರು ಅಪ್ಪ. ನನ್ನ ಕಡೆ ಗದ್ದ ಎತ್ತಿ ತೋರಿಸಿದರು. "ಅಲ್ಲಿ ಅದಾರ ನೋಡ್ರಿ ಮಿಸ್ತ್ರಿ. ಕುಂದ್ರಿ, ಅವರ ಕೈ ಖಾಲಿ ಆಗ್ಲಿ."

ರೈತ ನನ್ನನ್ನು ನೋಡಿ, "ಇವರು ನಿಮಗ ಏನಾಗಬೇಕ್ರಿ?" ಎಂದು ಅವರನ್ನೇ ಕೇಳಿದ. ಅಪ್ಪ ಡಬ್ಬಿಯ ಮುಚ್ಚಳ ಸರಿಯಾಗಿದ್ದರೂ ಇನ್ನೊಮ್ಮೆ ಒತ್ತಿ, "ಡಬ್ಬಿ ಕೊಡಾಕ ಬಂದೇನಿ," ಎಂದಷ್ಟೇ ಹೇಳಿದರು.